ಅರ್ಧ ಆಟದ ಮಾದಯ್ಯ

ಇವತ್ತು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಬಾವಿಯಿಂದ ಎಂಟು ಕೊಡ ನೀರು ಸೇದಿ ಹಂಡೆ ತುಂಬಿದೆ. ನನ್ನ ಹೆಂಡತಿ ನಾಗಮ್ಮನಿಗೆ ಬೆರಳ ಗಿಣ್ಣು ನೋವು, ಆದ್ದರಿಂದ ಅವರೆಕಾಯಿ ನಾನೇ ಸುಲಿದುಕೊಟ್ಟೆ. ಟಪ್ಪಾಲು ಕಚೇರಿಯ ಬಾಗಿಲು ತೆಗೆದು, ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು, ಮೈಸೂರಿನ ರೈಲಿನಲ್ಲಿ ಬಂದ ಚೀಲ ಬಿಚ್ಚಿ ಕಾಗದಗಳನ್ನು ವಿಂಗಡಿಸಿದೆ. ಮೊಹರಿನ ಅಚ್ಚಿಗೆ ಮಸಿ ಮೆತ್ತಿಕೊಂಡಿತ್ತು, ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಇಬ್ಬರಿಗೆ ಕಾಗದ ಓದಿ ಹೇಳಿದೆ, ಒಬ್ಬ ಮುದುಕಿಗೆ ಬರೆದುಕೊಟ್ಟೆ. ನಾಲ್ಕೂವರೆಗೆ ನರಸೀಪುರದ ಚೀಲಕ್ಕೆ ಅರಗಿನ ಮುದ್ರೆ ಒತ್ತಿ ಕಳಿಸಿ, ಬಾಗಿಲು ಹಾಕಿಕೊಂಡು ಹೊಳೆದಂಡೆಯ ಬಯಲಿಗೆ ಹೋದೆ. ಈ ವರ್ಷದ ಮೊದಲನೆಯ ಫುಟ್‌ಬಾಲ್ ಆಟ ಅಲ್ಲಿ ನಡೆಯುತ್ತಿತ್ತು.

ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಬೇಸಾಯಗಾರ, ಆಟ ಇನ್ನೂ ನಡೆಯುತ್ತಿರುವಾಗಲೇ, ಎತ್ತು ಕಟ್ಟಬೇಕು ಎಂದು ಹೊರಟ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಇನ್ನೂ ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ನೋಡಿದ. ಆಮೇಲೆ ನನಗೆ ಆಟದ ಮೇಲೆ ಮನಸ್ಸು ನಿಲ್ಲಲಿಲ್ಲ. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಮಾದಯ್ಯ ನಮ್ಮ ಕಚೇರಿಯ ಟಪ್ಪಾಲು ಓಟದವನಾಗಿದ್ದ. ನರಸೀಪುರಕ್ಕೆ ಹೋಗುವ ಚೀಲವನ್ನು ನಂಜನಗೂಡಿನಿಂದ ಹದಿನಾರು ಎಂಬ ಊರಿನ ಕೆರೆ ಏರಿಯವರೆಗೆ ಹೊತ್ತು ಓಡುವುದು ಅವನ ಪಾಲು. ಅಲ್ಲಿಂದ ಮುಂದಕ್ಕೆ ನರಸೀಪುರದ ಕಡೆಯ ಸಿದ್ದೇಗೌಡನ ಪಾಲು. ಮಾದಯ್ಯನ ಮನೆ ಇದ್ದದ್ದೂ ಹದಿನಾರಿನಲ್ಲೇ. ರಾತ್ರಿ ಅಲ್ಲಿ ಉಳಿದು, ಬೆಳಗಿನ ಜಾವ ಸಿದ್ದೇಗೌಡ ತಂದ ಚೀಲ ಈಸಿಕೊಂಡು ಬಿಸಿಲೇರುವ ಮೊದಲು ನಮ್ಮ ಜಗುಲಿಗೆ ಬರುತ್ತಿದ್ದ. ಹದಿನಾರು ವರ್ಷ ಇದೇ ದಾರಿ. ಸಣ್ಣ ಮೈ, ಕಪ್ಪು ಬಣ್ಣ. ಚೀಲದ ಪಟ್ಟಿ ಉಜ್ಜಿ ಉಜ್ಜಿ ಎಡ ಹೆಗಲಿನಲ್ಲಿ ಎತ್ತಿನ ಕೊರಳಿನ ಹಾಗೆ ಜಡ್ಡು ಕಟ್ಟಿತ್ತು. ನಿಂತಾಗಲೂ ಒಂದು ಕಾಲು ಮುಂದಿರುತ್ತಿತ್ತು. ಕೂತುಕೋ ಅಂದರೆ ತುದಿಗಾಲಿನಲ್ಲಿ ಕುಕ್ಕುರು ಕೂರುತ್ತಿದ್ದನೇ ಹೊರತು ನೆಲಕ್ಕೆ ಕುಂಡಿ ಊರಿದ್ದನ್ನು ನಾನು ಕಾಣೆ.

ನಂಜನಗೂಡಿನ ಫುಟ್‌ಬಾಲ್ ತಂಡಕ್ಕೆ ಇವನಷ್ಟು ಒಲಿದವನು ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಒಂದೇ ಒಂದು ಆಟವನ್ನೂ ಅವನು ಕೊನೆಯವರೆಗೆ ನೋಡಿದವನಲ್ಲ. ಆಟ ಶುರುವಾಗುವುದು ನಾಲ್ಕಕ್ಕೆ. ಚೀಲ ಹೊರಡಬೇಕಾದದ್ದು ನಾಲ್ಕೂವರೆಗೆ. ಬಯಲಿನ ಅಂಚಿನಲ್ಲಿ ಗೆಜ್ಜೆ ಕಟ್ಟಿದ ತನ್ನ ಕೋಲನ್ನು ನೆಲಕ್ಕೆ ಊರಿ, ಗೆಜ್ಜೆ ಸದ್ದು ಮಾಡದಂತೆ ಅಂಗೈಯಲ್ಲಿ ಅದುಮಿ ಹಿಡಿದು ಕುಕ್ಕುರು ಕೂರುತ್ತಿದ್ದ. ಚೆಂಡು ಎದುರಿನವರ ಗೋಲಿನ ಹತ್ತಿರ ಹೋದರೆ ಅಂಗೈ ಸಡಿಲಾಗಿ ಗೆಜ್ಜೆ ಝಲ್ಲೆನ್ನುತ್ತಿತ್ತು. ನಾಲ್ಕೂವರೆಗೆ ನಾನು ಕಚೇರಿಯ ಜಗುಲಿಯ ಮೇಲೆ ನಿಂತು ಕೈ ಎತ್ತುತ್ತಿದ್ದೆ. ಬಯಲಿಗೆ ಅದು ಕಾಣುತ್ತಿತ್ತು. ನನ್ನ ಕೈ ಮೇಲೆ ಹೋದೊಡನೆ ಅವನು ಎದ್ದುಬಿಡುತ್ತಿದ್ದ. ಚೆಂಡು ಎಲ್ಲೇ ಇರಲಿ, ಎದ್ದುಬಿಡುತ್ತಿದ್ದ. ಊರಿನವರು ಅವನಿಗೆ ಅರ್ಧ ಆಟದ ಮಾದಯ್ಯ ಎಂದೇ ಹೆಸರಿಟ್ಟಿದ್ದರು.

"ಒಂದೈದು ನಿಮಿಷ ಕೂತುಕೊಳ್ಳೋ ಮಾರಾಯ, ಕಾಗದ ಏನು ಹಳಸಿಹೋಗುತ್ತಾ?" ಎಂದು ಯಾರಾದರೂ ಅಂದರೆ ಅವನ ಉತ್ತರ ಒಂದೇ. "ಕಾಗ್ದ ಹಳಸಾಕಿಲ್ಲ ಕಣಪ್ಪ. ಮುದ್ದೆ ಹಳಸ್ತದೆ. ನನ್ನ ಗೆಜ್ಜೆ ಕೇಳೇ ದಾರೀಲಿರೋ ಅವ್ವದೀರು ಎಸರಿಡೋದು. ನಾನು ತಡ ಮಾಡುದ್ರೆ ಮೂರು ಊರು ಉಪಾಸ ಕೂತ್ಕತವೆ."

ಅದು ಬರಿಯ ಬಡಾಯಿಯಲ್ಲ. ಆ ದಾರಿಯ ಹಳ್ಳಿಗಳಲ್ಲಿ ಗಡಿಯಾರವಿರಲಿಲ್ಲ, ಮಾದಯ್ಯನಿದ್ದ.

ನಾನು ಹೇಳುತ್ತಿರುವುದು ತಂಡ ಕಟ್ಟಿದ ಎರಡನೆಯ ವರ್ಷದ ಮಾತು. ಸ್ಕೂಲಿನ ಡ್ರಿಲ್ ಮೇಷ್ಟ್ರು ಮೈಸೂರಿನಲ್ಲಿ ಆಟ ಕಲಿತು ಬಂದು, ಸ್ಕೂಲು ಬಿಟ್ಟ ಹುಡುಗರು, ಅಂಗಡಿಯವರು, ಕಚೇರಿಯವರು ಎಲ್ಲರನ್ನೂ ಕೂಡಿಸಿ, ತಾವೂ ಸೇರಿ ಹನ್ನೊಂದು ಮಂದಿ ಮಾಡಿದ್ದರು. ಮಳೆಗಾಲದಲ್ಲಿ ಕಪಿಲೆ ಬಯಲನ್ನೆಲ್ಲ ನುಂಗಿಕೊಂಡಿರುತ್ತಾಳೆ. ಹೊಳೆ ಇಳಿದು, ಮೆಕ್ಕಲು ಒಣಗಿ, ನೆಲ ಕಾಲು ಕೊಡುವಂತಾದ ಮೇಲೆ ಬಿದಿರಿನ ಗಳ ನೆಟ್ಟು ಹಗ್ಗ ಕಟ್ಟಿದರೆ ಆಟದ ಕಾಲ ಶುರು. ಮಾದಯ್ಯ ದಿನಾ ಬೆಳಿಗ್ಗೆ ಚೀಲ ಕೊಟ್ಟ ಮೇಲೆ ಬಯಲಿಗೆ ಹೋಗಿ ನೆಲಕ್ಕೆ ಹಿಮ್ಮಡಿ ಒತ್ತಿ ನೋಡಿ ಬರುತ್ತಿದ್ದ. "ಇನ್ನೂ ಎಂಟು ದಿನ ಬುದ್ಧಿ. ಗೋಲು ಕಾಯೋ ತಾವು ಇನ್ನೂ ಹಸಿ ಅದೆ. ನಮ್ಮ ಬಾಗ್ಲು ಕಾಯೋನು ಮೊದ್ಲೇ ಹಸು ಇದ್ದಂಗವ್ನೆ, ಕೆಸರಲ್ಲಿ ನಿಲ್ಸುದ್ರೆ ಮಲೀಕತಾನೆ."

ಆ ವರ್ಷದ ಮೊದಲ ಆಟ ಮೈಸೂರಿನಿಂದ ರೈಲಿನಲ್ಲಿ ಬಂದ ಒಂದು ಸ್ಕೂಲಿನವರ ಮೇಲೆ. ಮಾದಯ್ಯ ಏಳುವ ಹೊತ್ತಿಗೆ ನಮ್ಮವರು ಒಂದು ಗೋಲು ಮುಂದಿದ್ದರು. ಅವನು ಚೀಲ ಹೊತ್ತು ಓಡಿದವನು ದಾರಿಯುದ್ದಕ್ಕೂ "ನಮ್ಮೋರು ಗೆದ್ರು! ಮೈಸೂರೋರ್ಗೆ ಮಣ್ಣು ಮುಕ್ಕುಸುದ್ರು!" ಎಂದು ಕೂಗಿಕೊಂಡೇ ಹೋದ. ಹದಿನಾರಿನಲ್ಲಿ ಪಟೇಲರು ಒಂದು ಗೊನೆ ರಸಬಾಳೆ ಹಂಚಿಸಿದರಂತೆ. ಮಾರನೆಯ ದಿನ ಜಗುಲಿಗೆ ಬಂದು ಚೀಲ ಇಳಿಸುತ್ತಲೇ ಕೇಳಿದ:

"ಇನ್ನೆಷ್ಟು ಹಾಕುದ್ರು ಬುದ್ಧಿ ನಮ್ಮೋರು, ಕೊನೀಗೆ?"

ನನಗೆ ಆಗ ಆಟದ ಗಂಧವಿರಲಿಲ್ಲ. ಮುದ್ರೆ ಸರಿಯಾಗಿದೆಯೇ ಎಂದು ನೋಡುತ್ತ, "ಸೋತರಂತಲ್ಲ ಮಾದಯ್ಯ. ಮೂರು ಒಂದು ಅಂತ ಯಾರೋ ಅಂದರು" ಎಂದೆ.

ಅವನು ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಸಂಜೆ ಚೀಲ ಹೊತ್ತು ಹೋಗುವಾಗ ದಾರಿಯ ಒಂದೊಂದು ಊರಿನ ಮುಂದೂ ನಿಂತು, "ಸೋತ್ರು ಕಣ್ರಪ್ಪೋ. ನೆನ್ನೆ ನಾನು ಏಳಿದ್ದು ಸುಳ್ಳು" ಎಂದು ಕೂಗಿ ಹೋದನಂತೆ. ಹದಿನಾರು ವರ್ಷದಲ್ಲಿ ಚೀಲ ಹೆಗಲ ಮೇಲಿರುವಾಗ ಅವನು ನಿಂತದ್ದು ಅದೇ ಮೊದಲು. ನಿಂತ ಹೊತ್ತನ್ನು ತುಂಬಿಕೊಳ್ಳಲು ಊರಿಂದೂರಿಗೆ ಮೈ ಬಿಟ್ಟು ಓಡಿದ. ಕೆರೆ ಏರಿಯ ಮೇಲೆ ಕಾದಿದ್ದ ಸಿದ್ದೇಗೌಡ ನಕ್ಕು ನಕ್ಕು ಕೆರೆಗೆ ಬೀಳುವುದೊಂದು ಬಾಕಿ.

"ಏನ್ಲಾ ಮಾದ, ಅರ್ಧ ಬೆಂದ ಮುದ್ದೆ ತಂದು ಊರ್ಗೆಲ್ಲಾ ಬಡುಸ್ಬುಟ್ಟಲ್ಲೋ! ನಿಮ್ಮೋರು ರಸಬಾಳೆಹಣ್ಣು ತಿಂದು ತಿಂದು ಕಾಲೆಲ್ಲ ಮೆತ್ತಗಾಗವೆ ಕಣ್ಲಾ. ನಮ್ಮ ನರಸೀಪುರಕ್ಕೆ ಬಾ, ಚೆಂಡು ಅಂದ್ರೇನು ಅಂತ ತೋರುಸ್ತೀನಿ."

"ಓಗಯ್ಯ ಗೌಡ. ನಿಮ್ಮೋರು ಹೊಳೆ ಮಳ್ಳಲ್ಲಿ ಆಡ್ಕೊಂಡಿರೋ ಮೊಲಗೋಳು. ಗಟ್ಟಿ ನೆಲಕ್ಕೆ ಬರ್ಲಿ, ಆಗ ನೋಡುವ."

ಇದನ್ನೆಲ್ಲ ಅವನೇ ಬಂದು ನನಗೆ ಒಪ್ಪಿಸಿದ, ಎರಡು ದನಿಗಳಲ್ಲಿ. ಅಂದಿನಿಂದ ಒಂದು ಪಣ ತೊಟ್ಟ: ಕೊನೆ ಗೊತ್ತಿಲ್ಲದೆ ಬಾಯಿ ಬಿಡಬಾರದು. ಆದರೆ ಕೊನೆ ಗೊತ್ತಾಗುವುದು ಹೇಗೆ? ಬೆಳಿಗ್ಗೆ ಬಂದು ಕ್ಷೌರದವನನ್ನು ಕೇಳಿದರೆ ಒಂದು ಆಟ, ಹೂವಿನವಳನ್ನು ಕೇಳಿದರೆ ಇನ್ನೊಂದು ಆಟ. ಕೊನೆಗೆ ನನ್ನ ಮುಂದೆ ಬಂದು ಕೂತ.

"ಬುದ್ಧಿ, ನಾನು ಚೀಲ ಎತ್ಕಂಡು ಓದ್ಮೇಲೆ ನಿಮ್ಗೆ ಕೆಲ್ಸ ಇಲ್ಲ ಅಲ್ವರಾ? ನೀವು ಓಗಿ ನೋಡ್ಕಂಡು ಬನ್ನಿ. ನೀವು ಬರೆಯೋ ಜನ. ಕಂಡದ್ದು ಕಂಡಂಗೆ ಏಳ್ತೀರಿ."

ನಾಗಮ್ಮ ಒಳಗಿನಿಂದಲೇ, "ಹೋಗಿ ಬನ್ನಿ ಅತ್ಲಾಗೆ. ಮನೇಲಿ ಕೂತು ನನ್ನ ಮಜ್ಜಿಗೆ ಗಡಿಗೆ ಎಣಿಸೋದು ತಪ್ಪುತ್ತೆ" ಎಂದಳು. ಹೋದೆ. ಎರಡನೆಯ ಆಟ ಮೈಸೂರಿನ ಯಾವುದೋ ಕಚೇರಿಯ ನೌಕರರ ಮೇಲೆ. ನನ್ನ ಸ್ವಭಾವದಂತೆ ಎಲ್ಲವನ್ನೂ ಗಮನವಿಟ್ಟು ನೋಡಿ ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದು, ಮರುದಿನ ಓದಿದೆ. ಕಡಲೆಕಾಯಿಯವನು ಆಲದ ಮರದ ಕೆಳಗಿಂದ ಎದ್ದು ಬಿದಿರು ಗಳದ ಹಿಂದಕ್ಕೆ ಬಂದದ್ದು. ಮೈಸೂರಿನ ಒಬ್ಬನ ಪಂಚೆ ಹರಿದು ಆಟ ನಿಂತದ್ದು. ಐದಕ್ಕೆ ಹತ್ತು ನಿಮಿಷವಿರುವಾಗ ಬಯಲಿಗೆ ಎರಡು ಹಸು ನುಗ್ಗಿದ್ದು, ಅವುಗಳಲ್ಲಿ ಒಂದು ಗಬ್ಬವಾಗಿದ್ದದ್ದು. ಮಾದಯ್ಯ ತಾಳ್ಮೆಯಿಂದ ಕೇಳಿದ. ಆಮೇಲೆ ತಲೆಯ ಮೇಲೆ ಕೈ ಹೊತ್ತುಕೊಂಡ.

"ಅಲ್ಲ ಬುದ್ಧಿ, ಕಳ್ಳೆಕಾಯೋನು ಎಲ್ಲಾರ ಕೂತ್ಕಳ್ಳಿ. ಹಸ ಯಾವತ್ತಾರ ಈಯ್ಲಿ. ಚೆಂಡು ಎಲ್ಲಿತ್ತು?"

ಚೆಂಡು ಎಲ್ಲಿತ್ತೋ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡು ಕಡೆಯೂ ಒಂದೊಂದು ಗೋಲು, ಸಮ ಸಮ ಎಂಬುದಷ್ಟು ಗೊತ್ತಿತ್ತು.

ಅವನು ನನಗೆ ನೋಡುವುದನ್ನು ಕಲಿಸಿದ. ಜಗುಲಿಯ ಮೇಲೆ ಹುಣಸೆಬೀಜ ಹರವಿ, ಇವನು ಬಲಗಡೆಯವನು, ಇವನು ನಡುವಿನವನು, ಇವನು ಎಡಗಡೆಯ ಬಸವಣ್ಣ ಎಂದು ಇಟ್ಟು ತೋರಿಸುತ್ತಿದ್ದ. ಬಸವಣ್ಣ ಅಮಲ್ದಾರರ ಕಚೇರಿಯ ಗುಮಾಸ್ತ. ಎಡಗಾಲಿನಲ್ಲಿ ಒದೆಯುವವನು ಅವನೊಬ್ಬನೇ. "ಚೆಂಡು ಇರೋ ತಾವು ನೋಡಬ್ಯಾಡಿ ಬುದ್ಧಿ. ಅಲ್ಲಿ ಎಲ್ರೂ ನೋಡ್ತಾರೆ. ಚೆಂಡು ಬರೋ ತಾವು ನೋಡಿ. ಅಲ್ಲೊಬ್ಬ ಇರ್ತಾನೆ, ಸುಮ್ಕೆ ಕೈ ಬೀಸ್ಕಂಡು. ಅವನ್ನ ಯಾರೂ ಕಾಣಾಕಿಲ್ಲ. ಅವನ್ನ ನೋಡಿ." ನಲವತ್ತು ದಾಟಿದ ಮೇಲೆ ಈ ಪಾಠ ಕೇಳಿದೆ. ಅದರಿಂದ ಆಟ ಒಂದೇ ಅಲ್ಲ, ಎಷ್ಟೋ ಮನೆಗಳ ಮಾತುಕತೆಯೂ ನನಗೆ ಆಮೇಲೆ ಬೇರೆ ಥರ ಕಂಡಿದೆ.

ತಂಡಕ್ಕೂ ಅವನು ಒಂದು ಪಾಠ ಹೇಳಿದ. ನಮ್ಮವರ ದೊಡ್ಡ ದೋಷ ಎಂದರೆ, ಚೆಂಡು ಕೊಡುವವನು ನಿಂತು ಕೊಡುತ್ತಿದ್ದ, ಈಸಿಕೊಳ್ಳುವವನು ನಿಂತು ಈಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಎದುರಿನವರು ಮುತ್ತಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಮಾದಯ್ಯ ಡ್ರಿಲ್ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು, "ಬುದ್ಧಿ, ತಪ್ಪು ತಿಳೀಬಾರ್ದು. ಕೆರೆ ಏರಿ ಮ್ಯಾಲೆ ನಾನೂ ಸಿದ್ದೇಗೌಡನೂ ಚೀಲ ಹೆಂಗೆ ಬದಲಾಯುಸ್ತೀವಿ ಗೊತ್ತರಾ?" ಎಂದ. ತಲೆಯ ರುಮಾಲನ್ನು ಬಿಚ್ಚಿ ಗಂಟು ಕಟ್ಟಿ, ಬಸವಣ್ಣನನ್ನು ಮುಂದೆ ಓಡಲು ಹೇಳಿದ. "ಮುಂದ್ಲೋನು ನನ್ನ ಗೆಜ್ಜೆ ಕೇಳುತ್ಲೂವೆ ಓಡಕ್ಕೆ ಸುರು ಮಾಡ್ಬೇಕು. ತಿರುಗಿ ನೋಡಂಗಿಲ್ಲ. ನಾನು ಹೋ ಅಂತೀನಿ, ಅವನು ಕೈ ಚಾಚ್ತಾನೆ. ಚೀಲ ನಿಲ್ಲಾದೇ ಇಲ್ಲ. ನಾವು ಬದಲಾಯ್ತೀವಿ, ಚೀಲ ನಿಲ್ಲಾಕಿಲ್ಲ." ಹೀಗೆ ಹೇಳಿ ಓಡಿ, ಹೋ ಎಂದು ಕೂಗಿ, ಗಂಟನ್ನು ಬಸವಣ್ಣನ ಮುಂದಕ್ಕೆ ಎಸೆದ. ಬಸವಣ್ಣ ಓಡುತ್ತಲೇ ಹಿಡಿದ. ಡ್ರಿಲ್ ಮೇಷ್ಟ್ರು "ಇನ್ನೊಂದು ಸಲ ತೋರಿಸು ಮಾದಯ್ಯ" ಎಂದರು. ಇನ್ನೊಂದು ಸಲ ತೋರಿಸಿ ಬಂದು ನಮ್ಮ ಜಗುಲಿಯ ಕಂಬ ಹಿಡಿದುಕೊಂಡು ತುಂಬ ಹೊತ್ತು ಕೆಮ್ಮಿದ. ನಾಗಮ್ಮ ಮೆಣಸಿನ ಕಷಾಯ ಕೊಟ್ಟಳು. ಆ ಕೆಮ್ಮು ಎಷ್ಟು ದಿನದಿಂದ ಇತ್ತು ಎಂದು ಈಗ ಯಾರಾದರೂ ಕೇಳಿದರೆ ನಾನು ಹೇಳಲಾರೆ. ಹಸು ಗಬ್ಬವಾಗಿದ್ದದ್ದನ್ನು ಗುರುತು ಹಾಕಿಕೊಂಡವನು ಇದನ್ನು ಹಾಕಿಕೊಂಡಿರಲಿಲ್ಲ.

ಮೂರನೆಯ ಆಟ ಗುಂಡ್ಲುಪೇಟೆಯವರ ಮೇಲೆ, ಗೆದ್ದೆವು. ಮೊದಲರ್ಧ ಅವನು ನೋಡಿದ, ಎರಡನೆಯ ಅರ್ಧ ನಾನು ನೋಡಿದೆ. ಮಾರನೆಯ ಬೆಳಿಗ್ಗೆ ಒಂದೊಂದು ಒದೆತವನ್ನೂ ಸಾಲಾಗಿ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಕಣ್ಣು ಬಿಟ್ಟು, "ಇವತ್ತು ನೋಡ್ದಂಗೇ ಆಯ್ತು ಬುದ್ಧಿ" ಎಂದ. ಕೋಲು ಕೈಗೆತ್ತಿಕೊಳ್ಳುತ್ತ, "ಆದ್ರೂವೆ ನೋಡ್ದಂಗೆ ಬ್ಯಾರೆ, ನೋಡೋದು ಬ್ಯಾರೆ" ಎಂದೂ ಸೇರಿಸಿದ.

ನಾಲ್ಕನೆಯದು ನರಸೀಪುರದವರ ಮೇಲೆ. ಅವರು ಎರಡು ಗಾಡಿ ಕಟ್ಟಿಕೊಂಡು ಬರುತ್ತಾರೆ ಎಂದು ಗೊತ್ತಾದಾಗಿನಿಂದ ಕೆರೆ ಏರಿಯ ಮೇಲೆ ದಿನಾ ಜಗಳವೇ. ಆಟಕ್ಕೆ ಹತ್ತು ದಿನವಿರುವಾಗ ಮಾದಯ್ಯ ನನ್ನ ಹತ್ತಿರ ಬಂದ. ಕುಕ್ಕುರು ಕೂರದೆ ನಿಂತೇ ಇದ್ದ.

"ಒಂದೇ ಒಂದು ದಪ ಬುದ್ಧಿ. ಪೀಪಿ ಊದೋಗಂಟ ಕೂತ್ಕಂಡು ನೋಡ್ಬೇಕು. ಸಿದ್ದೇಗೌಡನ್ನ ಕೇಳಿವ್ನಿ. ಆವತ್ತು ಅವನೇ ಇಲ್ಲೀಗಂಟ ಬಂದು ಚೀಲ ಎತ್ಕಂಡು ಓಯ್ತಾನಂತೆ. ಎರಡು ಪಾಲೂ ಅವನೇ ಓಡ್ತಾನೆ. ಹೊತ್ತಿಗೆ ಸರ್ಯಾಗೇ ಓಯ್ತದೆ. ನೀವು ಊ ಅಂದ್ರೆ ಸಾಕು."

"ಮುಂದಿನ ವರ್ಷ ನೋಡೋಣ ಮಾದಯ್ಯ."

"ಮುಂದ್ಲ ವರ್ಸವಾ?" ಎಂದು ಕೆಮ್ಮಿ ನಕ್ಕ. "ಮುಂದ್ಲ ವರ್ಸ ಯಾರ್ ಕಂಡವ್ರೆ ಬುದ್ಧಿ."

ನಾನು ಊ ಎಂದಿದ್ದರೆ ಮುಗಿಯುತ್ತಿತ್ತು. ಸಿದ್ದೇಗೌಡ ನಾಲ್ಕೂವರೆಗೆ ಚೀಲ ಎತ್ತಿಕೊಂಡು ಹೋಗುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಆದರೆ ನಾನು ಊ ಎನ್ನುವ ಜಾತಿಯವನಲ್ಲ. ಬರೆದು ಕೇಳುವ ಜಾತಿಯವನು. ಒಂದು ದಿನದ ಮಟ್ಟಿಗೆ ಓಟದವನ ಬದಲಾವಣೆಗೆ ಅಪ್ಪಣೆಯಾಗಬೇಕು ಎಂದು ಒಳ್ಳೆಯ ಅಕ್ಷರದಲ್ಲಿ ಅರ್ಜಿ ಬರೆದು ಮೇಲಿನವರಿಗೆ ಕಳಿಸಿದೆ. ಮಾದಯ್ಯನಿಗೆ ಎಂಥ ಸಂತೋಷವಾಯಿತೆಂದರೆ, ತನ್ನ ಹೆಸರು ಅರ್ಜಿಯಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿ, ಆ ಜಾಗವನ್ನು ಬೆರಳಿನಲ್ಲಿ ಮುಟ್ಟಿ ನೋಡಿದ.

ಉತ್ತರ ಐದನೆಯ ದಿನ ಬಂತು. ಆಟ ನೋಡುವ ಸಲುವಾಗಿ ಬದಲಾವಣೆ ಕೊಡಲಾಗದು. ಇಂಥ ಅರ್ಜಿ ಬಂದಿರುವುದರಿಂದ ಈ ಕಚೇರಿಯಲ್ಲಿ ಚೀಲ ಹೊರಡುವ ಹೊತ್ತನ್ನು ಪರೀಕ್ಷಿಸಲು ಆಟದ ದಿನವೇ ಇನ್‌ಸ್ಪೆಕ್ಟರು ಬರುತ್ತಾರೆ. ಅಷ್ಟೇ. ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟೆ. ನಾಗಮ್ಮ, "ಕೇಳೋಕೆ ಹೋಗಿ ಕೆಡಿಸಿದಿರಿ" ಎಂದಳು. 

ಮಾದಯ್ಯನೇ ನನಗೆ ಸಮಾಧಾನ ಹೇಳಿದ. "ಓಗ್ಲಿ ಬುಡಿ ಬುದ್ಧಿ. ಅರ್ಧ ನಾನು ನೋಡ್ತೀನಿ, ಅರ್ಧ ನೀವು ನೋಡಿ. ನಮ್ಮಿಬ್ರುದೂ ಸೇರ್ಸುದ್ರೆ ಒಂದಾಟ ಆಯ್ತದೆ."

ಆಟದ ದಿನ, ಶುಕ್ರವಾರ, ಇನ್‌ಸ್ಪೆಕ್ಟರು ನನ್ನ ಕುರ್ಚಿಯಲ್ಲಿ ಕೂತು, ಜೇಬಿನ ಗಡಿಯಾರವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಾಲ್ಕೂವರೆಗೆ ಜಗುಲಿಗೆ ಬಂದು ಕೈ ಎತ್ತಿದೆ. ಆಗ ಒಂದು ಒಂದು, ಸಮ. ಮಾದಯ್ಯ ಎದ್ದ. ಎಂದೂ ಇಲ್ಲದ್ದು, ಅವತ್ತು ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ ಬಂದ. ಚೀಲ ಹೆಗಲಿಗೇರಿಸಿ, "ಬಸವಣ್ಣನ ಮ್ಯಾಲೆ ಕಣ್ಣಿಡಿ ಬುದ್ಧಿ" ಎಂದಷ್ಟೇ ಹೇಳಿ ಸೇತುವೆಯ ಕಡೆಗೆ ಓಡಿದ. ಇನ್‌ಸ್ಪೆಕ್ಟರು ಗಡಿಯಾರ ನೋಡಿ, "ಸರಿಯಾಗಿದೆ" ಎಂದು ಬರೆದುಕೊಂಡರು.

ನಾನು ಬಯಲಿಗೆ ಹೋದ ಸ್ವಲ್ಪ ಹೊತ್ತಿಗೆ ಮೂಡಲಲ್ಲಿ ಮೋಡ ಕವಿದು, ಹದಿನಾರಿನ ದಿಕ್ಕು ಪೂರ್ತಿ ಮಳೆಯಲ್ಲಿ ಅಳಿಸಿಹೋಯಿತು. ಬಯಲಿಗೆ ನಾಲ್ಕು ಹನಿ ಬಿತ್ತು ಅಷ್ಟೆ. ಕಾರ್ತಿಕದ ಮಳೆ, ಐಸಿನಂಥ ಗಾಳಿ. ನಾನು ಅತ್ತ ಒಂದು ಸಲ ನೋಡಿದೆ. ಆಮೇಲೆ ಬಸವಣ್ಣನನ್ನೇ ನೋಡಿದೆ. ಆ ಅರ್ಧ ಆಟವನ್ನು ನಾನು ನೋಡಿದ ಹಾಗೆ ಜೀವಮಾನದಲ್ಲಿ ಬೇರೆ ಏನನ್ನೂ ನೋಡಿಲ್ಲ.

ಶನಿವಾರ ಬೆಳಿಗ್ಗೆ ಚೀಲ ತಂದವನು ಸಿದ್ದೇಗೌಡ. ಎತ್ತರದ ಆಳು, ದೊಡ್ಡ ಮೀಸೆ. ಅದುವರೆಗೆ ನಾನು ಅವನನ್ನು ಮಾದಯ್ಯನ ಬಾಯಲ್ಲಿ ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

"ಮಾದ ಮಲಗವ್ನೆ ಪೋಸ್ಟ್ ಮೇಷ್ಟ್ರೇ. ನೆಂದು ತೊಪ್ಪೆಯಾಗಿ ಬಂದ. ಚೀಲ ಮಾತ್ರ ಒಣಗಿತ್ತು, ಕಂಬ್ಳಿ ಅದುಕ್ಕೆ ಸುತ್ತಿದ್ದ. ಬೆಳಿಗ್ಗೆ ಮೈ ಮುಟ್ಟಂಗಿಲ್ಲ, ಕೆಂಡ." ಅಂದು ಚೀಲ ಇಳಿಸುತ್ತ, "ಯಾರ್ ಗೆದ್ರು?" ಎಂದು ಕೇಳಿದ.

"ನಿಮ್ಮವರೇ. ಮೂರು ಎರಡು."

ಕುಣಿಯಬೇಕಾಗಿದ್ದವನು ಕುಣಿಯಲಿಲ್ಲ. ಚೀಲದ ಹಗ್ಗ ಸರಿಮಾಡುತ್ತ, "ನಾನು ಏಳಾಕಿಲ್ಲ. ನೀವೇ ಬಂದು ಏಳ್ಬೇಕಂತೆ. ಬ್ಯಾರೆ ಯಾರ್ ಬಾಯಲ್ಲೂ ಕೇಳಾಕಿಲ್ವಂತೆ" ಎಂದ.

ಮಾದಯ್ಯ ತೀರಿಕೊಂಡದ್ದು ಅದರ ಮುಂದಿನ ಗುರುವಾರ. ಕೊನೆಯ ದಿನಗಳಲ್ಲಿ ಅವನಿಗೆ ಯಾರ ಗುರುತೂ ಹತ್ತಲಿಲ್ಲವಂತೆ. ನಾನು ಅವನನ್ನು ಕಡೆಯ ಸಲ ನೋಡಿದ್ದು ಭಾನುವಾರ.

ಭಾನುವಾರ ಕಚೇರಿಗೆ ರಜೆ. ಆ ದಾರಿಯಲ್ಲಿ ನಾನು ಅದುವರೆಗೆ ಎಂದೂ ನಡೆದವನಲ್ಲ. ಬೆಳಿಗ್ಗೆ ಹೊರಟಾಗ ನಾಗಮ್ಮ ಒಂದು ಚಿಪ್ಪು ರಸಬಾಳೆ, ಒಂದು ಸೀಸೆ ಜೇನು ಕಟ್ಟಿಕೊಟ್ಟು, "ಗೆದ್ದರು ಅಂತಲೇ ಹೇಳಿಬಿಡಿ. ಯಾರ ಗಂಟು ಹೋಗುತ್ತೆ?" ಎಂದಳು. ದಾರಿಯುದ್ದಕ್ಕೂ ಅದನ್ನೇ ತಿರುವಿ ಹಾಕಿದೆ. ಊರೂರಿನ ಮುಂದೆ ನಿಂತು ತನ್ನ ಸುಳ್ಳನ್ನು ತಾನೇ ಹಿಂದಕ್ಕೆ ತೆಗೆದುಕೊಂಡವನ ಮುಂದೆ ನಾನು ಸುಳ್ಳು ಹೇಳುವುದು ಹೇಗೆ? ನಿಜ ಹೇಳುವುದೂ ಹೇಗೆ? ಆ ಆರೇಳು ಮೈಲಿ ನಡೆಯುವಷ್ಟರಲ್ಲಿ ನನ್ನ ಕಾಲು ಬಾತುಕೊಂಡಿತು. ಅವನು ಇದನ್ನು ದಿನಕ್ಕೆ ಎರಡು ಸಲ ಓಡುತ್ತಿದ್ದ.

ಹದಿನಾರಿನಲ್ಲಿ ಅವನದು ಒಂದಂಕಣದ ಮನೆ. ಮಾದಯ್ಯ ಚಾಪೆಯ ಮೇಲೆ, ಗೋಡೆಗೆ ಒರಗಿಸಿದ ಹುಲ್ಲಿನ ಮೂಟೆಗೆ ಬೆನ್ನು ಕೊಟ್ಟು ಮಲಗಿದ್ದ. ಉಸಿರು ಸಣ್ಣ ಸಣ್ಣಗೆ ಬರುತ್ತಿತ್ತು. ಹೆಂಡತಿ ದೇವಮ್ಮ ಕಾಲ ಹತ್ತಿರ ಇದ್ದಳು. ಸಿದ್ದೇಗೌಡ ಹೊಸ್ತಿಲ ಮೇಲೆ ಕೂತಿದ್ದ. ನನ್ನನ್ನು ಕಂಡು ಮಾದಯ್ಯ ಏಳಲು ನೋಡಿದ.

"ಬಂದ್ರಾ ಬುದ್ಧಿ? ಈ ಗೌಡ ಎರಡು ದಿನದಿಂದ ಮುಖ ಊದುಸ್ಕಂಡವ್ನೆ. ಸೋತವ್ರೆ ಅನುಸ್ತದೆ, ಅವನ ಕಡೇರು."

"ಊದ್ಕೊಂಡಿರೋದು ನಿನ್ ಮುಖ ಕಣ್ಲಾ. ಸುಮ್ಕೆ ಕೇಳು" ಎಂದ ಸಿದ್ದೇಗೌಡ, ಬಾಗಿಲ ಹೊರಗೆ ನೋಡುತ್ತ.

ನಾನು ಚಾಪೆಯ ಪಕ್ಕ ಕೂತು ಶುರು ಮಾಡಿದೆ. ನೀನು ಎದ್ದಾಗ ಒಂದು ಒಂದು. ಅವನು ಕಣ್ಣು ಮುಚ್ಚಿಕೊಂಡ. ಗಾಳಿ ಯಾವ ಕಡೆಗಿತ್ತು ಎಂದು ಕೇಳಿದ, ಹೇಳಿದೆ. ನಮ್ಮ ಗೋಲು ಕಾಯುವವನು ಎರಡು ಚೆಂಡು ತಡೆದದ್ದನ್ನು ಹೇಳಿದಾಗ, "ಪರ್ವಾಗಿಲ್ಲ, ಹಸ ಎದ್ದು ನಿಂತದೆ" ಎಂದ. ದೇವಮ್ಮ ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಡ್ರಿಲ್ ಮೇಷ್ಟ್ರ ಕಾಲಿಗೆ ನಡುಬಯಲಿನಲ್ಲಿ ಚೆಂಡು ಸಿಕ್ಕಿದ್ದು, ನಾನು ಚೆಂಡು ನೋಡದೆ ಎಡಗಡೆ ನೋಡಿದ್ದು ಹೇಳಿದೆ.

"ಬಸವಣ್ಣ ನಿಂತಿದ್ನಾ?" ಎಂದ. ದನಿ ತುಂಬ ಕೆಳಗಿತ್ತು.

"ಇಲ್ಲ ಮಾದಯ್ಯ. ಓಡುತ್ತಿದ್ದ. ಚೆಂಡು ಇನ್ನೂ ಮೇಷ್ಟ್ರ ಕಾಲಲ್ಲೇ ಇತ್ತು, ಇವನು ಆಗಲೇ ಓಡುತ್ತಿದ್ದ."

"ತಿರುಗಿ ನೋಡುದ್ನಾ?"

"ನೋಡಲಿಲ್ಲ."

"ಮೇಷ್ಟ್ರು ಕೂಗುದ್ರಾ?"

"ಹೋ ಅಂತ ಕೂಗಿದರು. ಬಯಲಿಗೆಲ್ಲ ಕೇಳಿಸಿತು. ಚೆಂಡು ಬಸವಣ್ಣನ ಮುಂದಕ್ಕೆ ಬಂತು, ಅವನು ನಿಲ್ಲಲೇ ಇಲ್ಲ, ಎಡಗಾಲಿನಲ್ಲಿ ಒದ್ದ. ಗೋಲು. ಎರಡು ಒಂದು, ನಾವು ಮುಂದೆ."

ಮಾದಯ್ಯನ ಬಲಗೈ ಚಾಪೆಯ ಮೇಲೆ ಒಂದು ಸಲ ಏನನ್ನೋ ಹಿಡಿದ ಹಾಗೆ ಮುಚ್ಚಿ ಬಿಚ್ಚಿತು. ತುಟಿಯಲ್ಲಿ ನಗುವಿತ್ತು. ಕಣ್ಣು ಮುಚ್ಚಿಯೇ ಇತ್ತು, ಎಂದಿನಂತೆ. ಕೇಳುತ್ತಿದ್ದಾನೆ ಎಂದುಕೊಂಡು ನಾನು ಮುಂದುವರಿಸಿದೆ. ನಿಜವನ್ನೇ ಹೇಳುವುದೆಂದು ಆ ಹೊತ್ತಿಗೆ ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

"ಆಮೇಲೆ ನರಸೀಪುರದವರು..."

ಸಿದ್ದೇಗೌಡ ಹೊಸ್ತಿಲಿನಿಂದ ಬಾಗಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ. "ಅಲ್ಗೇ ನಿಲ್ಸಿ ಮೇಷ್ಟ್ರೇ" ಎಂದ ಮೆಲ್ಲಗೆ. "ಮಲಿಕ್ಕಂಡವ್ನೆ."

ನೋಡಿದೆ. ನಿದ್ದೆ ಹತ್ತಿತ್ತು. ಉಸಿರು ಸ್ವಲ್ಪ ಉದ್ದಕ್ಕೆ ಬರುತ್ತಿತ್ತು.

ದೇವಮ್ಮ ಎದ್ದು ಒಲೆ ಹಚ್ಚಿದಳು. ನಮ್ಮ ಮನೆತನದಲ್ಲಿ ಹೊರಗೆ ಉಣ್ಣುವ ಪದ್ಧತಿಯಿಲ್ಲ. ಅಂದು ಉಂಡೆ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಒಂದು ಈರುಳ್ಳಿ. ನಾಗಮ್ಮ ಕೊಟ್ಟ ರಸಬಾಳೆಯನ್ನು ಸಿದ್ದೇಗೌಡ ಎರಡು ತಿಂದ, ದೇವಮ್ಮ ಮುಟ್ಟಲಿಲ್ಲ. ಮೊದಲು ಮಲಗಿದವನು ಮಾದಯ್ಯ. ಆಮೇಲೆ ದೇವಮ್ಮ, ಎರಡು ರಾತ್ರಿಯ ಎಚ್ಚರ ಮುರಿದು, ಒಲೆಯ ಪಕ್ಕ ಕೂತಲ್ಲೇ ಕಣ್ಣು ಮುಚ್ಚಿದಳು. ಹೊರಗೆ ಬಿಸಿಲು ಇಳಿದು ನಾನು ಹೊರಡುವವರೆಗೂ ಅವರಿಬ್ಬರೂ ಏಳಲಿಲ್ಲ, ನಾನೂ ಸಿದ್ದೇಗೌಡನೂ ಕಾದು ಕೂತಿದ್ದೆವು.